ತಮ್ಮನ್ನೇ ಗಾಯಗೊಳಿಸಿಕೊಳ್ಳುವ ಮಕ್ಕಳ ಬಗ್ಗೆ

ಸದಸ್ಯರೇ, ನಿನ್ನೆ ನಮ್ಮ ಗುಂಪಿನಲ್ಲಿ ಈ ಮಕ್ಕಳ ಕುರಿತು 'ನಾಟಕ', 'ಗಮನ ಸೆಳೆಯುವ ಹಟ' ಎಂಬ ಮಾತುಗಳು ಬಂದವು. ಕೈಮುಗಿದು ಕೇಳುತ್ತೇನೆ, ಆ ಪದಗಳು ಇಲ್ಲಿ ಬೇಡ. ಗಮನವೇ ಬೇಕಿದ್ದ ಮಗು ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಕೈ ಮುಚ್ಚಿಕೊಳ್ಳುತ್ತದೆಯೇ?

ಹೀಗೆ ಗಾಯ ಮಾಡಿಕೊಳ್ಳುವುದು ಹೆಚ್ಚಾಗಿ 12ರಿಂದ 14ರ ವಯಸ್ಸಿನಲ್ಲಿ ಶುರುವಾಗುತ್ತದೆ. ಹಲವರಿಗೆ ಸಾಯುವ ಉದ್ದೇಶವಿರುವುದಿಲ್ಲ. ತಡೆಯಲಾರದ ಸಂಕಟದಿಂದ ಕ್ಷಣಕಾಲ ಪಾರಾಗಬೇಕಿರುತ್ತದೆ. ಆ ನಿರಾಳ ಬೇಗ ಕರಗಿ ನಾಚಿಕೆ ಉಳಿಯುತ್ತದೆ. ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚುವುದರಿಂದ ಹಗುರವಾಗಿ ಎಣಿಸುವಂತೆಯೂ ಇಲ್ಲ. "ಏನಾಯಿತು?" ಎಂದರೆ "ಏನಿಲ್ಲ" ಎನ್ನುವ ಮಗು ಸುಳ್ಳಾಡುತ್ತಿರಲಿಕ್ಕಿಲ್ಲ, ತನ್ನ ಭಾವನೆಗೆ ಹೆಸರಿಡುವುದೇ ಎಷ್ಟೋ ಮಕ್ಕಳಿಗೆ ಕಷ್ಟ. ದುಡುಕು, ಕಠೋರ ಆತ್ಮನಿಂದನೆ, ಸಣ್ಣ ಮಾತಿಗೂ ಕುಸಿಯುವುದು ಜೊತೆಗಿರಬಹುದು. ಅಷ್ಟಕ್ಕೇ 'ವ್ಯಕ್ತಿತ್ವ ದೋಷ' (ಪರ್ಸನಾಲಿಟಿ ಡಿಸಾರ್ಡರ್) ಎಂಬ ಮಾನಸಿಕ ಕಾಯಿಲೆಯ ಹಣೆಪಟ್ಟಿ ಅಂಟಿಸಬೇಡಿ. ಅದು ಕೆಲವರಲ್ಲಿ ಮಾತ್ರ ಇರುತ್ತದೆ, ಗುರುತಿಸಬೇಕಾದವರು ಮನೋವೈದ್ಯರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆ ಭಾವನೆಗಳನ್ನು ನಿಭಾಯಿಸುವುದನ್ನೇ ಕಲಿಸುತ್ತದೆ. ಹದಿಹರೆಯದವರಿಗೂ ಅದರಿಂದ ಉಪಯೋಗವಾಗಿದೆ.

ಗಾಯದ ಚಿತ್ರ, ವಿಧಾನದ ವಿವರ, ಮಗುವಿನ ಹೆಸರು ಗುಂಪಿನಲ್ಲಿ ಹಾಕಬೇಡಿ. ಗಾಯ ಕಂಡರೆ ಕೂಗಾಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ಬಳಿ ಕರೆದೊಯ್ಯಿರಿ.