ಟಿಕೆಟ್ ಸಿಗದವರೆಲ್ಲ ಬಂಡಾಯಗಾರರೇ?

ಮಾನ್ಯರೇ,

ಚುನಾವಣೆ ಬಂದರೆ ಸಾಕು, ಪತ್ರಿಕೆ ತುಂಬ ‘ರೆಬೆಲ್’, ‘ಬಂಡಾಯ ಅಭ್ಯರ್ಥಿ’. ಟಿಕೆಟ್ ಸಿಗದೆ ಮುನಿಸಿಕೊಂಡವರಿಗೆ ಇಷ್ಟು ದೊಡ್ಡ ಹೆಸರು ಯಾಕೆ? ನಾಮಪತ್ರ ವಾಪಸ್ ಪಡೆಯುವ ಕೊನೆ ದಿನದ ಹೊತ್ತಿಗೆ ಎಷ್ಟೋ ಬಂಡಾಯ ತಣ್ಣಗಾಗಿರುತ್ತದೆ, ಅಲ್ವಾ?

ಬಂಡಾಯ ಅಂದರೇನು ಅಂತ ನಮ್ಮದೇ ಕಾಸರಗೋಡು ಜಿಲ್ಲೆಯ ಕಯ್ಯೂರನ್ನು ಕೇಳಬೇಕು. 1941ರಲ್ಲಿ ಅಲ್ಲಿ ಜಮೀನ್ದಾರರಿಗೂ ಬ್ರಿಟಿಷರಿಗೂ ಎದುರು ನಿಂತ ರೈತರ ಪೈಕಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು.

ಮೊನ್ನೆ ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ಹುಡುಗನೊಬ್ಬನ ಟೀ ಶರ್ಟಿನ ಮೇಲೂ ‘ರೆಬೆಲ್’ ಎಂದಿತ್ತು. ಕೈಯಲ್ಲಿ ಅಮ್ಮ ತರಹೇಳಿದ ಬಸಳೆ ಕಟ್ಟು! ಅವನದ್ದು ಸುಮ್ನೆ ಶೋಕಿ, ಇರಲಿ. ಪತ್ರಿಕೆಯವರಾದರೂ ‘ಮುನಿಸಿಕೊಂಡ ಅಭ್ಯರ್ಥಿ’ ಎಂದೇ ಬರೆಯಬಾರದೇ?

– ಓರ್ವ ಓದುಗ, ಬದಿಯಡ್ಕ