ಭಾನುವಾರ ಕುಂಬಳೆಯಲ್ಲಿ ಗೋಡೆಚಿತ್ರ ನೋಡುವ ನಡಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ ಏಳಕ್ಕೆ ಕುಂಬಳೆ ರೈಲ್ವೆ ಸ್ಟೇಷನ್ ಎದುರು ಸೇರೋಣ. ಕ್ಯಾಮೆರಾ ಇಲ್ಲದವರು ಮೊಬೈಲ್ ತಂದರೆ ಸಾಕು.

ಮೊನ್ನೆ ಪೇಟೆಯ ಒಳದಾರಿಯಲ್ಲಿ ಸುಮ್ನೆ ನಡೆಯುವಾಗ ಒಂದು ಕಾಂಪೌಂಡ್ ಗೋಡೆಯಲ್ಲಿ ಯಕ್ಷಗಾನದ ವೇಷ ಕಂಡಿತು. ಕಿರೀಟದ ಅಂಚಿನ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ, ತಾಳ್ಮೆಯಿಂದ ಇಟ್ಟಿದ್ದಾರೆ. ಮಳೆನೀರು ಇಳಿದು ಕೆನ್ನೆಯ ಮೇಲೆ ಪಾಚಿ ಹಿಡಿದಿದೆ, ಒಂದು ಕಡೆ ಬಣ್ಣ ಎದ್ದು ಕೆಂಪುಕಲ್ಲು ಕಾಣುತ್ತಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲಿ ಇಂಥ ಚಿತ್ರ ಇರಬೇಕಾದದ್ದೇ ಅಲ್ವಾ? ನನಗಂತೂ ತುಂಬಾ ಖುಷಿಯಾಯಿತು. ಸ್ವಲ್ಪ ಮುಂದೆ ತೆಯ್ಯದ (ಉತ್ತರ ಕೇರಳದ ದೈವಾರಾಧನೆಯ ವೇಷ) ಮುಖವೂ ಇದೆ.

66ನೇ ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಎಷ್ಟೋ ಗೋಡೆಗಳು ಹೋದವು. ಉಳಿದ ಗೋಡೆಚಿತ್ರಗಳ ಫೋಟೋ ಮುಂದಿನ ಮಳೆಗಾಲಕ್ಕೆ ಮೊದಲೇ ತೆಗೆದಿಡೋಣ ಎಂದು ನನ್ನ ಆಸೆ.

ಗೋಡೆಗೆ ನೇರ ಎದುರು ನಿಂತು ತೆಗೆಯಿರಿ. ಮೊಬೈಲಿನ 0.5 ಲೆನ್ಸ್ (ತುಂಬಾ ಅಗಲ ತೋರಿಸುವುದು) ಬೇಡ, ಅಂಚುಗಳು ಎಳೆದ ಹಾಗೆ ಬರುತ್ತವೆ. ಅದರ ಬದಲು ನಾಲ್ಕು ಹೆಜ್ಜೆ ಹಿಂದೆ ಹೋಗಿ. ಪೂರ್ವಕ್ಕೆ ಮುಖ ಮಾಡಿದ ಗೋಡೆಗಳನ್ನು ಮೊದಲು ನೋಡೋಣ, ಬೆಳಗಿನ ಬಿಸಿಲಿಗೆ ಬಣ್ಣ ಚೆನ್ನಾಗಿ ಬರುತ್ತದೆ. ಮೂಲೆಯಲ್ಲಿ ಚಿತ್ರಕಾರರ ಸಹಿ ಇದ್ದರೆ ಅದರದ್ದೂ ಬೇರೆ ಫೋಟೋ ಬೇಕು, ದಯವಿಟ್ಟು ಮರೆಯಬೇಡಿ. ಮನೆಯ ಗೋಡೆಯಾದರೆ ಮನೆಯವರನ್ನು ಕೇಳಿಯೇ ತೆಗೆಯೋಣ.

ಫೋಟೋಗಳನ್ನು ಈ ಗ್ರೂಪಿನಲ್ಲಿ ಹಾಕುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಸ್ಪಷ್ಟತೆ ಕಡಿಮೆಯಾಗುತ್ತದೆ. ಜೊತೆಗೆ ಜಾಗದ ಹೆಸರು ಬರೆಯಿರಿ. ಬರುವವರು ಶನಿವಾರ ರಾತ್ರಿಯೊಳಗೆ ತಿಳಿಸಿ.