ಮೇಲ್ಬೀದಿ ಸೊಸೆ ವಿಷಯ

ಅಕ್ಕಾ,

ಹೇಗಿದೀಯ, ಅಮ್ಮನ ಮಂಡಿನೋವು ಈಗ ಪರ್ವಾಗಿಲ್ವಾ? ಇಲ್ಲಿ ಮ್ಯಾಡಿಸನ್ನಲ್ಲಿ ಚಳಿ ಬಿಟ್ರೆ ಏನೂ ತೊಂದ್ರೆ ಇಲ್ಲ. ಮೇಲ್ಬೀದಿ ಸೊಸೆ ವಿಷಯ ಹೇಳಿದ್ಯಲ್ಲ, ಎರಡು ಗಂಡು ಕೂಸೂ ವರ್ಷ ತುಂಬೋದ್ರೊಳಗೆ ನ್ಯುಮೋನಿಯಾ ಅಂತ ಹೋದ್ವು, ಹೆಣ್ಣು ಚೆನ್ನಾಗಿದೆ, ಈಗ ಮತ್ತೆ ಬಸುರಿ ಅಂತ, ಅದೇ ತಲೇಲಿ ಕೂತ್ಬಿಟ್ಟಿದೆ. ನಾಗದೋಷಕ್ಕೆ ಪೂಜೆ ಮಾಡಿಸ್ಕೊಳ್ಲಿ ಬಿಡು, ಆದ್ರೆ ಡಾಕ್ಟ್ರಿಗೆ ಈ ಕಥೆ ಪೂರ್ತಿ ಹೇಳ್ಲೇಬೇಕು.

ನಮ್ಮ ಲ್ಯಾಬಲ್ಲಿ ನೋಡೋದೇ ಇಂಥದ್ದು, ಸ್ಕಿಡ್ ಅಂತಾರೆ, ಅಂದ್ರೆ ಹುಟ್ತಾನೇ ರೋಗ ತಡೆಯೋ ಶಕ್ತಿ ಇಲ್ದಿರೋ ಕಾಯಿಲೆ. ಅದ್ರಲ್ಲೊಂದು ಬಗೆ ಎಕ್ಸ್ ಕ್ರೋಮೋಸೋಮಲ್ಲಿರೋ ಐಎಲ್2ಆರ್‌ಜಿ ಅನ್ನೋ ಜೀನ್ ಕೆಟ್ಟು ಬರೋದು, 1993ರಲ್ಲಿ ಗೊತ್ತಾಯ್ತು. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ರೂ ಇನ್ನೊಂದು ನಡೆಸ್ಕೊಂಡು ಹೋಗತ್ತೆ, ಗಂಡಿಗೆ ಇರೋದೇ ಒಂದು, ರೋಗದ ವಿರುದ್ಧ ಹೋರಾಡೋ ಟಿ ಸೆಲ್ ಅನ್ನೋ ಬಿಳಿ ರಕ್ತಕಣವೇ ಬೆಳೆಯಲ್ಲ. ಆಂಟಿಬಾಡಿ, ಅಂದ್ರೆ ರೋಗಾಣು ತಡೆಯೋ ಪ್ರೋಟೀನ್, ಮಾಡೋ ಬಿ ಸೆಲ್ ಇರತ್ತೆ, ಆದ್ರೆ ಟಿ ಸೆಲ್ ಸಹಾಯ ಇಲ್ದೆ ಅದು ಸರಿಯಾಗಿ ಆಂಟಿಬಾಡಿ ಮಾಡಲ್ಲ. ಇದೇ ಕಾಯಿಲೆ ಅಂತ ಇಲ್ಲಿ ಕೂತು ನಾನು ಹೇಳಕ್ಕಾಗಲ್ಲ. ಅವ್ಳು ಸೋದರಮಾವನ್ನೇ ಮದ್ವೆ ಆಗಿರೋದ್ರಿಂದ ಬೇರೆ ಜೀನೂ ಇರ್ಬೋದು, ಆಗ ಹೆಣ್ಣು ಕೂಸಿಗೂ ಬರ್ಬೋದು, ಅದಕ್ಕೆ ಹುಟ್ಟೋದು ಯಾವ್ದಾದ್ರೂ ಟೆಸ್ಟ್ ಮಾಡಿಸ್ಲೇಬೇಕು.

ಇಲ್ಲಿ ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ 2008ರಿಂದ ಹುಟ್ಟಿದ ಮಕ್ಕಳಿಗೆಲ್ಲ ಹಿಮ್ಮಡಿಯಿಂದ ಎರಡು ಹನಿ ರಕ್ತ ತಗೊಂಡು ಟ್ರೆಕ್ ಅಂತ ನೋಡ್ತಾರೆ. ಟಿ ಸೆಲ್ ತಯಾರಾಗೋವಾಗ ಡಿಎನ್‌ಎ ಕತ್ತರಿಸ್ತದಲ್ಲ, ಟೈಲರ್ ಅಂಗಡೀಲಿ ಉಳಿಯೋ ಚೂರುಬಟ್ಟೆ ಥರ ಉಂಗುರದಂಥ ತುಂಡು ಉಳಿಯತ್ತೆ, ಅದು ಕಾಣ್ಲಿಲ್ಲ ಅಂದ್ರೆ ಟಿ ಸೆಲ್ ಹೊಸದಾಗಿ ಹುಟ್ತಾ ಇಲ್ಲ ಅಂತ. ನಮ್ಮೂರ ಕಡೆ ಆ ಟೆಸ್ಟ್ ಸಿಗ್ದೇ ಇದ್ರೂ ರಕ್ತಕಣ ಎಣಿಸೋ ಮಾಮೂಲಿ ಸಿಬಿಸಿ ಟೆಸ್ಟ್ ಸಾಕು ಅನುಮಾನ ಬರಕ್ಕೆ, ಹಸುಗೂಸಿಗೆ ಲಿಂಫೋಸೈಟ್ (ಟಿ, ಬಿ ಸೆಲ್ ಎಲ್ಲ ಸೇರಿರೋ ಬಿಳಿ ರಕ್ತಕಣ) ಒಂದು ಮೈಕ್ರೋಲೀಟರ್ ರಕ್ತಕ್ಕೆ 3000ಕ್ಕಿಂತ ಕಡಿಮೆ ಇದ್ರೆ ಬಿಡ್ಬಾರ್ದು. ದೊಡ್ಡೋರ ಲೆಕ್ಕದಲ್ಲಿ ನೋಡಿ ನಾರ್ಮಲ್ ಅಂದ್ಬಿಡೋದೇ ಎಷ್ಟೋ ಕಡೆ ಆಗೋ ಎಡವಟ್ಟು.

ಇನ್ನೊಂದು ಮುಖ್ಯ. ಹುಟ್ಟಿದ್ ತಕ್ಷಣ ಕ್ಷಯ ಬರದಿರಲಿ ಅಂತ ಬಿಸಿಜಿ ಲಸಿಕೆ ಚುಚ್ತಾರಲ್ಲ, ಅದ್ರಲ್ಲಿರೋದು ಬಲ ಕುಂದಿಸಿದ ಜೀವಂತ ರೋಗಾಣು, ಬೇರೆ ಮಕ್ಕಳಿಗೆ ಒಳ್ಳೇದೇ, ಹಾಕಿಸ್ಲೇಬೇಕು, ಆದ್ರೆ ಟಿ ಸೆಲ್ ಇಲ್ದೇ ಇರೋ ಕೂಸಿಗೆ ಅದೇ ಮೈಯೆಲ್ಲ ಹರಡತ್ತೆ. ಪೋಲಿಯೋ ಹನಿ, ಭೇದಿಗೆ ಹಾಕೋ ರೋಟಾ ಲಸಿಕೆ ಹನಿನೂ ಹಂಗೇ. ರಿಪೋರ್ಟ್ ಬರೋವರೆಗೂ ತಡೀಬೇಕಾ ಅಂತ ಹೆರಿಗೆಗೆ ಮುಂಚೇನೇ ಕೇಳಿ. ಕಾಯಿಲೆ ಇದೆ ಅಂತಾದ್ರೂ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಇದೆ, ಮೂರೂವರೆ ತಿಂಗಳೊಳಗೆ ಮಾಡಿದ್ರೆ ನೂರಕ್ಕೆ 90ಕ್ಕೂ ಜಾಸ್ತಿ ಮಕ್ಕಳು ಬದುಕ್ತಾರೆ.

ಬೆಂಗಳೂರಲ್ಲಿ ಮಕ್ಕಳ ಇಮ್ಯುನಾಲಜಿ, ಅಂದ್ರೆ ರೋಗ ತಡೆಯೋ ಶಕ್ತಿ ನೋಡೋ ಡಾಕ್ಟ್ರು ಇದಾರೆ. ನೀನೇ ಜೊತೆಗೆ ಹೋಗು, ಅತ್ತೆ ಮುಂದೆ ಆ ಹುಡುಗಿ ಬಾಯೇ ಬಿಡಲ್ಲ. ತೀರ್ಕೊಂಡ ಮಕ್ಕಳ ಹಳೇ ಬ್ಲಡ್ ರಿಪೋರ್ಟ್ ಇದ್ರೆ ಫೋಟೋ ತೆಗ್ದು ವಾಟ್ಸಾಪ್ ಮಾಡು, ಮಸುಕಾಗಿದ್ರೂ ಪರ್ವಾಗಿಲ್ಲ.

ನಿನ್ನ ತಮ್ಮ